ಗಾಜಿನ ಪೆಟ್ಟಿಗೆಗೆ ಹೊರಟ ಆವಿ ಜಗ್ಗು

ರಾಮನಗರದ ಹಳೇ ಧರ್ಮಾಸ್ಪತ್ರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಯಾ ಗಂಗಲಕ್ಷ್ಮಮ್ಮ ಅಡುಗೆಕೋಣೆಗೂ ಹೆಂಗಸರ ವಾರ್ಡಿಗೂ ನಡುವೆ ಓಡಾಡುತ್ತಲೇ ಇದ್ದಾರೆ. ನೀರು ಕುದಿಯಲಿಲ್ಲವೆಂದು ಒಲೆಯನ್ನು ಬೈಯುತ್ತಾರೆ, ಕುದಿದರೆ ನಿನಗೇನು ಅವಸರ ಎಂದು ಮತ್ತೆ ಅದನ್ನೇ ಬೈಯುತ್ತಾರೆ. ಬಾಗಿಲಿಗೆ ಅಡ್ಡ ನಿಂತ ನನಗೂ ಒಂದು ಪಾಲು ಸಿಗುತ್ತದೆ. "ಒಸಿ ಪಕ್ಕಕ್ಕೆ ನಿಂತ್ಕೊಳಿ ಸಾ. ಕೈನಾಗೆ ಕುದಿಯೋ ನೀರೈತೆ. ಪೇಪರ್‌ನೋರು ಅಂತ ಅದು ನೋಡಾಕಿಲ್ಲ."

ಆ ನೀರು ಬೀಳುವುದು ಪಿಂಗಾಣಿಯ ಜಗ್ಗಿಗೆ. ಬಿಳಿ ಮೈ, ದಪ್ಪ ಹೊಟ್ಟೆ, ಗಾಳಿ ಒಳಬರಲು ಪಕ್ಕದಲ್ಲೊಂದು ಮೂತಿ. ಮೇಲಿನ ಬಾಯಿಗೆ ಬಿರಡೆ, ಬಿರಡೆಯ ನಡುವೆ ಆವಿ ಎಳೆದುಕೊಳ್ಳಲು ಮರದ ಕೊಳವೆ. ಮೈಮೇಲಿನ ಇಂಗ್ಲಿಷ್ ಅಕ್ಷರಗಳು ಅರ್ಧ ಅಳಿಸಿವೆ. ಒಂದು ಕಾಲಕ್ಕೆ ಕಪಾಟು ತುಂಬ ಇಂಥವೇ ಇದ್ದವಂತೆ. ಒಂದೊಂದಾಗಿ ಒಡೆದು ಈಗ ಉಳಿದಿರುವುದು ಇದೊಂದೇ. ನೀಲಗಿರಿ ಎಣ್ಣೆ ಹನಿಸಿ, ಟವೆಲ್ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೊತ್ತಿಕೊಂಡು ಅವರು ವಾರ್ಡಿಗೆ ಹೊರಡುತ್ತಾರೆ.

ಇವತ್ತು ಅವರ ಕಾಲು ನಿಂತಲ್ಲಿ ನಿಲ್ಲದಿರಲು ಕಾರಣವಿದೆ. ಜಗ್ಗಿನ ತಳದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ. ಬೆಳಗಿನ ಸರದಿ ಮುಗಿದದ್ದೇ ಅದನ್ನು ಹೊಸ ಕಟ್ಟಡದಲ್ಲಿ ಪ್ರದರ್ಶನಕ್ಕೆಂದು ಮಾಡಿಸಿದ ಗಾಜಿನ ಪೆಟ್ಟಿಗೆಯಲ್ಲಿಡಲು ಡಾಕ್ಟರ್ ಸುಚಿತ್ರಾ ಹೇಳಿದ್ದಾರೆ. ರೋಗಿಯ ತೊಡೆಯ ಮೇಲೆ ಒಡೆದರೆ ಏನು ಗತಿ ಎಂಬುದು ಅವರ ಆತಂಕ. ಗಂಗಲಕ್ಷ್ಮಮ್ಮ ಬಿರುಕಿನ ಮೇಲೆ ಬೆರಳಾಡಿಸುತ್ತಾರೆ. "ಡಾಕ್ಟ್ರವ್ವ ಯೋಳೋದು ಸರಿಯಾಗೇ ಐತೆ. ಸರಿ ಅಂತ ಗೊತ್ತಿದ್ರೂ ಹೊಟ್ಟೆ ಉರೀತದಲ್ಲ, ಅದುಕ್ಕೇನ್ ಮಾಡ್ಲಿ?"

ಬೈರಾಪಟ್ಟಣದ ಹೆಣ್ಣುಮಗಳು ಇವರು. ಗಂಡ ಮುನಿಶಾಮಯ್ಯ ತೀರಿಕೊಂಡ ವರ್ಷವೇ ಇಲ್ಲಿ ನೆಲ ಒರೆಸಲು ಸೇರಿದರು. ಹಳೆಯ ನರ್ಸಮ್ಮನೊಬ್ಬರು ಜಗ್ಗನ್ನು ಕೈಗಿಟ್ಟು, ನೀರು ಮೂತಿಗಿಂತ ಕೆಳಗೇ ನಿಲ್ಲಬೇಕು ಎಂದು ಕಲಿಸಿದರು. ಅಂದಿನಿಂದ ಬೆಳಗಿನ ಆವಿ ಇವರ ಪಾಲಿಗೆ. ಚಳಿಗಾಲದಲ್ಲಿ ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ, ಹೆಚ್ಚಿನವರು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಹೆಂಗಸರು. ಔಷಧಿ ಡಾಕ್ಟರದು, ಕಟ್ಟಿದ ಮೂಗು ಬಿಡಿಸುವುದು ಇವರದು. ಒಬ್ಬರಾದ ಮೇಲೊಬ್ಬರಿಗೆ ಕೊಳವೆ ಬದಲಾಯಿಸಿ, ಬಳಸಿದ್ದನ್ನು ಕುದಿಸಬೇಕು. ಕುದಿಸಿ ಕುದಿಸಿ ಅಂಗೈ ಜಡ್ಡುಗಟ್ಟಿದೆ.

ಈ ಕೊಳವೆಗೂ ಒಂದು ಕಥೆಯಿದೆ. ಮೊದಲಿದ್ದ ಗಾಜಿನದು ಒಡೆದಾಗ ಇವರು ಬಸ್ಸು ಹತ್ತಿ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಫಕ್ರುದ್ದೀನ್ ಮುಂದೆ ಹೋಗಿ ಕೂತರು. ಆತ ಗೊಂಬೆಗೆ ಬಳಸುವ ಮೆದು ಆಲೆ ಮರದಲ್ಲಿ ಕೊಳವೆ ಕಡೆದರು. ಅಷ್ಟಕ್ಕೇ ಬಿಡಬಾರದಿತ್ತೇ! ಕೈಯ ಅಭ್ಯಾಸಕ್ಕೆ ಕೆಂಪು ಅರಗು ಏರಿಸಿ, ಕೇದಗೆ ಗರಿಯಲ್ಲಿ ಉಜ್ಜಿ ಮಿರಮಿರ ಮಿಂಚಿಸಿ ಕೊಟ್ಟರು. ಬಿಸಿ ಆವಿ ತಾಗಿದ್ದೇ ತಡ, ಅರಗು ಮೆತ್ತಗಾಗಿ ಜೈನಬ್ ಎಂಬ ನೂಲಿನ ಕೆಲಸದಾಕೆಯ ತುಟಿಗೆ ಮೆತ್ತಿಕೊಂಡಿತು. "ಸುದ್ದಿ ಕೇಳಿ ಆವಯ್ಯ ಚನ್ನಪಟ್ನದಿಂದ ಓಡ್ಬಂದು ಅಣೆ ಚಚ್ಕೊಂಡ. 'ಅಕ್ಕಾ, ಅರಗು ಆಕ್ದೆ ಮಾಲು ಕಳ್ಸಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬತ್ತಾನೆ, ಅದುಕ್ಕೇ ಕೈ ತಡೀನಿಲ್ಲ' ಅಂದ. ಜೈನಬಿ ಕೆಂಪು ತುಟಿ ನೋಡಿ ವಾರ್ಡೆಲ್ಲ ನಕ್ಕಿದ್ದೇ ನಕ್ಕಿದ್ದು." ಆಮೇಲೆ ಬಂದವೆಲ್ಲ ಅರಗಿಲ್ಲದ ಬೋಳು ಕೊಳವೆಗಳು.

ಅದೇ ಜೈನಬ್ ಇವತ್ತು ಕಿಟಕಿ ಪಕ್ಕದ ಮಂಚದಲ್ಲಿದ್ದಾರೆ, ಕೆಮ್ಮು ಹೊತ್ತುಕೊಂಡು. "ಬಾಯ್ನಾಗೆ ಎಳ್ಕೊ, ಮೂಗ್ನಾಗೆ ಬುಡು," ಎಂದು ಜಗ್ಗು ಹಿಡಿದ ಗಂಗಲಕ್ಷ್ಮಮ್ಮ ಹೇಳುತ್ತಾರೆ. ಇನ್ನು ಮುಂದೆ ಜಗ್ಗಿನ ಬದಲು ಆವಿ ಕೊಡಲಿರುವ ಕರೆಂಟಿನ ಯಂತ್ರದ ಬಗ್ಗೆ ಜೈನಬ್‌ಗೆ ದಿಗಿಲು. "ಆ ಡಬ್ಬ ಗೊರ್ ಅಂತದೆ ಗಂಗಮ್ಮ. ನೂಲು ತೆಗೆಯೋ ಮೋಟ್ರು ಕಿವಿ ಪಕ್ಕದಾಗೇ ಇದ್ದಂಗಾಗ್ತದೆ." "ನಾನು ಪಕ್ಕದಾಗೇ ಕೂತಿರ್ತೀನಿ ಬುಡು," ಎನ್ನುತ್ತಾರೆ ಗಂಗಲಕ್ಷ್ಮಮ್ಮ.

ಸರದಿ ಮುಗಿಯುತ್ತದೆ. ಜಗ್ಗನ್ನು ತೊಳೆದು, ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಹೊಸ ಕಟ್ಟಡಕ್ಕೆ ಹೊತ್ತು ತಂದಾಗ ಅಟೆಂಡರ್ ಮಹೇಂದ್ರ ಗಾಜಿನ ಪೆಟ್ಟಿಗೆ ತೆರೆದು ಕಾಯುತ್ತಿದ್ದಾನೆ. ಜಗ್ಗಿಗೆ ಸಿಕ್ಕಿಸಲು ಆತ ಹುಡುಕಿಟ್ಟಿರುವುದು ಅದೇ ಕೆಂಪು ಕೊಳವೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದಂತೆ.

ಆತ ಸಿಕ್ಕಿಸಿದ್ದನ್ನು ಗಂಗಲಕ್ಷ್ಮಮ್ಮ ಕಿತ್ತು ಅವನ ಕೈಗೇ ಕೊಡುತ್ತಾರೆ. ಸೆರಗಿನ ಗಂಟು ಬಿಚ್ಚಿ ಇನ್ನೊಂದನ್ನು ತೆಗೆಯುತ್ತಾರೆ. ಕುದಿಸಿ ಕುದಿಸಿ ಕಪ್ಪಿಟ್ಟ ಬೋಳು ಕೊಳವೆ, ತುದಿಯಲ್ಲಿ ಯಾರ್ಯಾರದೋ ಹಲ್ಲಿನ ಗುರುತು.

"ಆ ಕೆಂಪುದ್ರಾಗೆ ಯಾರೂ ನೆಟ್ಟಗೆ ಒಂದು ಉಸ್ರು ಎಳೀನಿಲ್ಲ ಕಣಪ್ಪ. ಇದುನ್ನಿಡು. ಇದ್ರಾಗೆ ಜನ ಉಸ್ರಾಡವ್ರೆ ಅಂತ ನೋಡ್ದೋರಿಗೆ ಗೊತ್ತಾಗ್ಲಿ."

ಪಕ್ಕದಲ್ಲಿ ನಿಂತಿದ್ದ ಡಾಕ್ಟರ್ ಸುಚಿತ್ರಾ ಹೂಂ ಎನ್ನುತ್ತಾರೆ. ಗಾಜಿನ ಬಾಗಿಲು ಮುಚ್ಚುತ್ತದೆ. ಫೋಟೋಕ್ಕೆ ಒಂದು ನಿಮಿಷ ನಿಲ್ಲಿ ಎಂದು ನಾನು ಕೇಳುವಷ್ಟರಲ್ಲಿ ಗಂಗಲಕ್ಷ್ಮಮ್ಮ ಆಗಲೇ ಮೆಟ್ಟಿಲು ಇಳಿಯುತ್ತಿದ್ದಾರೆ.

"ಆಮ್ಯಾಕೆ ಬನ್ನಿ ಸಾ. ಆ ಡಬ್ಬ ತಂದು ಇಟ್ಟಾಯ್ತಂತೆ. ಅದ್ರ ಮುಂದೆ ಜೈನಬಿ ಒಬ್ಳೇ ಕೂತವ್ಳೆ."