ನಲವತ್ತೆರಡು ಸೋರೆಕಾಯಿ, ಒಂದು ನಾಲಿಗೆ

ಇವತ್ತಾದರೂ ಬಂದೇ ಬರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ಚೂರಕ್ಕ ಸೋರೆಕಾಯಿಯ ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರು ಕೊಯ್ದು ನಾಲಿಗೆಯ ಮೇಲಿಡುತ್ತಾರೆ. ಕಣ್ಣು ಮುಚ್ಚುತ್ತಾರೆ. ಉಗಿಯುತ್ತಾರೆ. ಏನೂ ಇಲ್ಲ, ಬರೀ ನೀರು ಅಗಿದ ಹಾಗೆ. ಕಳೆದ ವಾರ ಬಂದ ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿದೆ. ಇಂದಿಗೆ ಐದು ದಿನ. ಈ ವಿಷಯ ಗೊತ್ತಿರುವುದು ಮನೆಯಲ್ಲಿ ಅತ್ತೆಗೆ ಮಾತ್ರ.

ಬೆಳಗಿನ ಐದೂವರೆ. ಚಪ್ಪರದಡಿ ಇನ್ನೂ ಮಬ್ಬು. ಒದ್ದೆ ಎಲೆಗಳು ಬೆನ್ನಿಗೆ ತಾಗಿ ರವಿಕೆ ಆಗಲೇ ನೆನೆದಿದೆ.

ಒಂದೇ ಬೀದಿಯ ಈ ಹಳ್ಳಿಗೆ ಪೇಟೆಯ ಕಾರುಗಳು ಬರುವುದು ಬೀದಿಯ ಕೊನೆಯಲ್ಲಿರುವ ಹೋಟೆಲಿಗಾಗಿ. ಮೊದಲು ಅದು ಉಗ್ರಾಣ. ಈಗ ಹನ್ನೊಂದು ಮೇಜು. ಹಿಂಬಾಗಿಲು ತೆರೆದರೆ ಎರಡೂವರೆ ಎಕರೆ ತೋಟ. ಅಲ್ಲಿ ಬೆಳೆದದ್ದಷ್ಟೇ ತಟ್ಟೆಗೆ. ಬುಟ್ಟಿ ನೋಡಿದ ಮೇಲೆಯೇ ಅಡುಗೆಯವರು ಕರಿಹಲಗೆಯ ಮೇಲೆ ಅಂದಿನ ಊಟ ಬರೆಯುತ್ತಾರೆ. ಬಂದವರು ಹಲಗೆಯ ಫೋಟೋ ತೆಗೆಯುತ್ತಾರೆ, ಅಡುಗೆಯವರ ಪಕ್ಕ ನಿಂತು ತೆಗೆಸಿಕೊಳ್ಳುತ್ತಾರೆ. ಪ್ರತಿ ಕಾಯಿಗೂ ತೊಟ್ಟಿನ ಬಳಿ ಒಂದು ಕಚ್ಚು ಬಿದ್ದಿರುತ್ತದೆ ಎಂಬುದು ಅವರಿಗೆ ತಿಳಿಯದು.

ಆ ಕಚ್ಚು ಹಾಕುವವರು ಚೂರಕ್ಕ. ವಯಸ್ಸು ಐವತ್ತೆರಡು, ಓದಿದ್ದು ಏಳನೇ ತರಗತಿ. ಹನ್ನೊಂದು ವರ್ಷ ತರಕಾರಿ ಗೋದಾಮಿನಲ್ಲಿ ನಿಂತೇ ಕಾಯಿ ವಿಂಗಡಿಸಿ ಮಂಡಿ ಸವೆಸಿಕೊಂಡವರು. ಇಲ್ಲಿಗೆ ಬಂದದ್ದು ಕಳೆ ಕೀಳಲು. ಹೋಟೆಲಿನ ಮೊದಲ ವರ್ಷ ಒಂದು ಕಹಿ ಸೋರೆಕಾಯಿ ಹಂಡೆಗೆ ಬಿದ್ದು, ಸೂಪು ಕುಡಿದ ಇಬ್ಬರು ವಾಂತಿ ಮಾಡಿಕೊಂಡರು. ಮರುದಿನದಿಂದ ಈಕೆ ಯಾರೂ ಹೇಳದೆಯೇ ಒಂದೊಂದು ಕಾಯಿಯ ಚೂರನ್ನೂ ಕೊಯ್ದು ರುಚಿ ನೋಡತೊಡಗಿದರು. ಕಚ್ಚುಗಳು ಅಡುಗೆಯವರ ಕಣ್ಣಿಗೆ ಬಿದ್ದದ್ದು ವಾರದ ಮೇಲೆ. ಮೊದಲು ಅವರು ಇಲಿ ಎಂದುಕೊಂಡಿದ್ದರಂತೆ. ವಿಷಯ ತಿಳಿದ ಮೇಲೆ ಅದೇ ಈಕೆಯ ಕೆಲಸವಾಯಿತು.

“ಒಂದು ಕಾಯಿ ನೋಡಿದ್ರೆ ಸಾಲ್ದಾ ಅಂತಾರೆ. ಒಂದೇ ಹೊಟ್ಟೇಲಿ ಹುಟ್ಟಿದ ಮಕ್ಕಳೆಲ್ಲ ಒಂದೇ ಥರ ಇರ್ತಾರಾ?” ಎನ್ನುತ್ತಾರೆ ಚೂರಕ್ಕ.

ದಿನಕ್ಕೆ ನಲವತ್ತು ಸೋರೆ, ಎಂಬತ್ತು ಸೌತೆ. ಹತ್ತು ಕಾಯಿಗೊಮ್ಮೆ ಬಾಯಿ ಮುಕ್ಕಳಿಸಬೇಕು. ಕೆಲಸ ಮುಗಿಯುವವರೆಗೆ ಟೀ ಇಲ್ಲ, ಎಲೆಯಡಿಕೆ ಇಲ್ಲ. ವಾರಕ್ಕೆ ಮೂರೋ ನಾಲ್ಕೋ ಕಹಿ ಸಿಗುತ್ತವೆ. ಆ ಮೂರು ನಾಲ್ಕಕ್ಕಾಗಿ ವಾರಕ್ಕೆ ಎಂಟುನೂರು ಚೂರು ಬಾಯಿಗಿಡಬೇಕು.

ನಾಲಿಗೆ ಹೋದದ್ದನ್ನು ಹೇಳಿದರೆ ಮತ್ತೆ ಕಳೆ ಕೀಳಲು ಕೂರಬೇಕು. ಈಗ ಮಂಡಿ ಮಡಚುವುದೇ ಇಲ್ಲ, ಹಾಗಾದರೆ ಕೆಲಸವೇ ಹೋದಂತೆ. ಅದಕ್ಕೇ ನಾಲ್ಕು ದಿನ ಅತ್ತೆಯನ್ನು ಕತ್ತಲಲ್ಲೇ ತೋಟಕ್ಕೆ ಕರೆತಂದರು. ಎಪ್ಪತ್ತಾರರ ಅತ್ತೆ ಬದುವಿನ ಮೇಲೆ ಕೂತು ಚೂರು ಬಾಯಿಗಿಟ್ಟು ತೀರ್ಪು ಕೊಟ್ಟರು.

“ಮೂವತ್ತು ವರ್ಷ ನನ್ನ ನಾಲಿಗೆ ಉದ್ದ ಅಂತ ಊರೆಲ್ಲ ಹೇಳ್ಕೊಂಡು ಬಂದ್ಯಲ್ಲ, ಈಗ ಅದೇ ಬೇಕಾಯ್ತು ನೋಡು!”

“ಉದ್ದ ಅಂದೆ ಅತ್ತೆ, ಕೆಟ್ಟದು ಅಂದ್ನಾ? ಉಗೀರಿ, ನುಂಗ್ಬೇಡಿ.”

ನಿನ್ನೆ ಸಂಜೆ ಅತ್ತೆ ಮೊಮ್ಮಗಳ ಬಾಣಂತನಕ್ಕೆಂದು ಬಸ್ಸು ಹತ್ತಿದರು. ಹತ್ತಿ ಕೂತ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಹೇಳ್ಬಿಡೇ,” ಎಂದರು. ಚೂರಕ್ಕ ಕೇಳಿಸದವರಂತೆ ಚೀಲ ಎತ್ತಿಕೊಟ್ಟರು.

ಏಳು ಗಂಟೆಗೆ ಬುಟ್ಟಿಗಳು ಅಡುಗೆಮನೆಯ ಕಟ್ಟೆ ಮೇಲಿವೆ. ಇಂದು ಸೋರೆ ನಲವತ್ತೆರಡು, ಎಲ್ಲದಕ್ಕೂ ಕಚ್ಚು ಬಿದ್ದಿದೆ. ಮಧ್ಯಾಹ್ನಕ್ಕೆ ಐವತ್ತು ಜನ, ಅವರಲ್ಲಿ ಶಾಲೆಯ ಮಕ್ಕಳೇ ಇಪ್ಪತ್ತು. ಅಡುಗೆಯವರು ಹಲಗೆ ಒರೆಸಿ ಸೀಮೆಸುಣ್ಣ ಹಿಡಿದು ದಿನದ ಒಂದೇ ಪ್ರಶ್ನೆ ಕೇಳುತ್ತಾರೆ.

“ಎಲ್ಲಾ ನೋಡಿದ್ರಾ ಅಕ್ಕ?”

ಆರು ವರ್ಷದಿಂದ ಇದಕ್ಕೆ ಉತ್ತರ ಒಂದು “ಹೂಂ”. ಅವರು ಕಾಯುವುದೂ ಇಲ್ಲ. ಆಗಲೇ ‘ಸೋರೆ’ ಎಂದು ಬರೆದಾಗಿದೆ. ಚೂರಕ್ಕ ಸೆರಗಿನಿಂದ ಚಾಕು ಒರೆಸುತ್ತಾರೆ, ಇನ್ನೊಮ್ಮೆ ಒರೆಸುತ್ತಾರೆ.

“ಏನಕ್ಕ, ಗರ ಬಡಿದೋರ ಥರ ನಿಂತ್ರಿ?” ಅಡುಗೆಯವರು ನಗುತ್ತಾ ತಿರುಗುತ್ತಾರೆ.

“ಅಳಿಸಿಬಿಡಿ ಅಣ್ಣ,” ಎನ್ನುತ್ತಾರೆ ಚೂರಕ್ಕ. ದನಿ ತಮ್ಮದೇ ಅಲ್ಲವೇನೋ ಎಂಬಷ್ಟು ಗಟ್ಟಿಯಾಗಿದೆ. “ನಲವತ್ತೆರಡೂ ಬಾಯಿಗಿಟ್ಟು ನೋಡ್ದೆ. ಯಾವುದು ಕಹಿ ಅಂತ ನಂಗೆ ಗೊತ್ತಾಗ್ತಿಲ್ಲ.”