ಮುತ್ತುಗದ ಮರದಡಿ ಪ್ಲಾಸ್ಟಿಕ್ ಕುರ್ಚಿ

ಹೂವಿನ ನಡುವೆ ನಿಂತು ಮನೆಯವರೆಲ್ಲರ ಫೋಟೋ ತೆಗೆಸಬೇಕೆಂದಿರುವವರಿಗೆ ನನ್ನ ಮೊದಲ ಸಲಹೆ: ಮಗಳ ಮೊಬೈಲಿನಲ್ಲಿ ನೋಡಿದ ಹೂವನ್ನು ನಂಬಬೇಡಿ. ಅಲ್ಲಿ ಇರುವೆ ಇರುವುದಿಲ್ಲ, ನೆತ್ತಿ ಸುಡುವ ಬಿಸಿಲಿರುವುದಿಲ್ಲ, ‘ಇದೆಲ್ಲ ಯಾಕೆ ಬೇಕಿತ್ತು’ ಎಂದು ಗೊಣಗುವ ತಮ್ಮನಿರುವುದಿಲ್ಲ. ಎರಡನೆಯದು, ಫೋಟೋಗ್ರಾಫರ್ ಹತ್ತಿರ ‘ಫ್ಯಾಮಿಲಿ ಶೂಟ್’ ಎನ್ನಬೇಡಿ. ‘ಮನೆಯವರದೊಂದು ಗ್ರೂಪ್ ಫೋಟೋ’ ಎನ್ನಿ. ಶೂಟ್ ಎಂದ ಕೂಡಲೇ ರೇಟು ಮದುವೆ ಛತ್ರದ ಕಡೆಗೆ ಓಡುತ್ತದೆ.

ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಮ್ಯಾಚಿಂಗ್ ಸೆಂಟರ್ ನಡೆಸುವವಳು. ಸೀರೆಗೆ ಹೊಂದುವ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು ನನ್ನ ವ್ಯಾಪಾರ. ಮನೆಯ ವರಾಂಡದಲ್ಲಿ ಟ್ರಂಕಿನ ಮೇಲೆ ಬಟ್ಟೆ ಹರಡಿಕೊಂಡು ಶುರು ಮಾಡಿ, ಯಾರ ಹಂಗೂ ಇಲ್ಲದೆ ಅಂಗಡಿಯವರೆಗೆ ಬಂದಿದ್ದೇನೆ. ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಕೊಂಡವಳಲ್ಲ. ಶಿವರಾತ್ರಿ ಕಳೆದಿತ್ತು, ಮಕ್ಕಳಿಗೆ ಪರೀಕ್ಷೆಯ ಕಾಲ, ಮದುವೆಗಳು ಕಡಿಮೆ. ಫೋಟೋ ಹುಡುಗ ಖಾಲಿ ಕೂತಿರುತ್ತಾನೆಂದು ನನಗೆ ಗೊತ್ತಿತ್ತು. ನನ್ನ ರೇಟಿಗೇ ಒಪ್ಪಿಕೊಂಡ.

ಹೂವು, ತಿಳಿಬಣ್ಣದ ಬಟ್ಟೆ, ಇವೆಲ್ಲ ಕಾಲೇಜಿಗೆ ಹೋಗುವ ನನ್ನ ಮಗಳ ಆಸೆ. ನನಗೆ ಬೇಕಿದ್ದದ್ದು ಬೇರೆ. ಅಮ್ಮ ಒಬ್ಬಳೇ ಇರುವ ಒಂದು ಒಳ್ಳೆಯ ಫೋಟೋ.

ಯಾಕೆಂದರೆ ಅಪ್ಪನಿಗೆ ಆದದ್ದು ನಾನು ನೋಡಿದ್ದೇನೆ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಅಪ್ಪ ತೀರಿಕೊಂಡಾಗ, ಹಾರ ಹಾಕಲು ಅವರದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಮದುವೆ, ನಾಮಕರಣಗಳ ಫೋಟೋಗಳಲ್ಲೆಲ್ಲ ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಕೊನೆಗೆ ಸ್ಟುಡಿಯೋದವನೊಬ್ಬ ಗುರುತಿನ ಚೀಟಿಯಿಂದ ಮುಖ ಎತ್ತಿ, ಹಣೆಯ ಮೇಲಿದ್ದ ವಿಭೂತಿಯನ್ನು ಕಲೆ ಎಂದುಕೊಂಡು ಅಳಿಸಿ, ಯಾರದೋ ಕೋಟು ಟೈ ಇದ್ದ ಮೈಗೆ ಅಂಟಿಸಿ ಕೊಟ್ಟ. ಜೀವಮಾನದಲ್ಲಿ ಕೋಟು ಮುಟ್ಟದ ಅಪ್ಪ ಈಗ ಜನ್ನಾಪುರದ ಮನೆಯ ಹಾಲಿನಲ್ಲಿ ಬ್ಯಾಂಕ್ ಮ್ಯಾನೇಜರ್ ಥರ ನೇತಾಡುತ್ತಿದ್ದಾರೆ. ಅಮ್ಮ ದಿನಾ ಬೆಳಿಗ್ಗೆ ಗಾಜಿನ ಮೇಲೆಯೇ ವಿಭೂತಿ ಎಳೆದು, “ಯಾರ ಕೋಟೋ ಏನೋ, ವಾಪಸ್ ಕೇಳ್ಕೊಂಡು ಬಂದ್ರೆ ಕಷ್ಟ” ಎನ್ನುತ್ತಾಳೆ.

ಅಪ್ಪನಿಗೆ ಯಾರದೋ ಕೋಟಾಯಿತು. ಅಮ್ಮನಿಗೆ ಯಾರದೋ ಸೀರೆ ಆಗಬಾರದು. ಮ್ಯಾಚಿಂಗ್ ಸೆಂಟರಿನವಳ ತಾಯಿಗೆ ಕಂಪ್ಯೂಟರಿನವನು ಸುತ್ತಿದ ಸೀರೆ, ಅದಕ್ಕೆ ಹೊಂದದ ಬ್ಲೌಸು! ನೆನೆಸಿಕೊಂಡರೇ ಮೈ ಉರಿಯುತ್ತದೆ.

ಆದರೆ ಬಾಯಿಬಿಟ್ಟು ಕೇಳುವಂತಿಲ್ಲ. ವಯಸ್ಸಾದವರು ಗುಂಪಿನಲ್ಲಿ ನಿಲ್ಲುತ್ತಾರೆ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಾರೆ. ಒಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ ಕ್ಯಾಮೆರಾ ಹಿಡಿದರೆ ಮಾತ್ರ, ಅದು ಯಾವ ಗೋಡೆಗೆ ಎಂದು ಅವರಿಗೆ ತಿಳಿಯುತ್ತದೆ. ಹಿಂದೊಮ್ಮೆ ಒಂದು ನಾಮಕರಣದಲ್ಲಿ ಪ್ರಯತ್ನಿಸಿದ್ದೆ. “ಅಷ್ಟು ಅವಸರ ಇದ್ರೆ ಹೇಳಿಬಿಡೇ” ಎಂದು ಎದ್ದು ಊಟದ ಪಂಕ್ತಿಗೆ ನಡೆದಳು.

ಈ ಸಲ ಸದ್ದಿಲ್ಲದೆ ತಯಾರಿ ನಡೆಸಿದೆ. ಅಪ್ಪ ಬೋನಸ್ಸಿನಲ್ಲಿ ತಂದುಕೊಟ್ಟಿದ್ದ ಬಾಳೆಸುಳಿ ಬಣ್ಣದ ಸೀರೆ ಅಮ್ಮನಿಗೆ ಪ್ರಾಣ, ಅದರ ಬ್ಲೌಸು ಮಾತ್ರ ಸವೆದು ಪಿಸಿದುಹೋಗಿತ್ತು. ಹಳೆಯ ಸೀರೆಗೆ ಬಣ್ಣ ಹೊಂದಿಸುವುದು ಸುಲಭವಲ್ಲ. ಯಾವತ್ತೂ ಬಲ್ಬಿನ ಕೆಳಗೆ ಆರಿಸಬೇಡಿ, ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿ. ಹಾಗೇ ನೋಡಿ ಆರಿಸಿ ಹೊಲಿಸಿ ಕೊಟ್ಟೆ. ಫೋಟೋ ಹುಡುಗನಿಗೆ ಫೋನಿನಲ್ಲಿ ಹೇಳಿದ್ದೆ: “ಅಜ್ಜಿದು ಒಂದು ಸಿಂಗಲ್ ಬೇಕು, ಫ್ರೇಮಿಗೆ ಸುತ್ತ ಜಾಗ ಬಿಡು. ಅವರಿಗೆ ಗೊತ್ತಾಗಬಾರದು.”

ಆ ದಿನ ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯಿಂದ ನಾನು, ನಮ್ಮನೆಯವರು, ಮಗಳು ಕಾರಿನಲ್ಲಿ ಹೊರಟೆವು. ಭದ್ರಾವತಿಯ ಜನ್ನಾಪುರದಿಂದ ತಮ್ಮ, ಅವನ ಹೆಂಡತಿ, ಅಮ್ಮ ಆಟೋದಲ್ಲಿ ಬಂದರು. ಎರಡೂರಿನ ನಡುವೆ, ನೀರಾವರಿ ಚಾನೆಲ್ ಪಕ್ಕದ ಬೀಳು ಜಾಗ. ಮುತ್ತುಗದ ಮರಗಳು ಎಲೆಯೆಲ್ಲ ಉದುರಿಸಿ ಕೆಂಪಾಗಿ ಹೊತ್ತಿಕೊಂಡಿದ್ದವು. ಕೆಳಗೆ ಹೆಸರು ಗೊತ್ತಿಲ್ಲದ ಹಳದಿ ಹೂಗಳು. ಚೆಂದವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬೆಳಗಿನ ಎಳೆಬಿಸಿಲಿಗೆ ಬನ್ನಿ ಎಂದಿದ್ದರೆ, ತಮ್ಮ ತಿಂಡಿ ಮುಗಿಸಿ ಬಿಸಿಲೇರಿದ ಮೇಲೆ ಬಂದ. ಅದೂ ಮುತ್ತುಗದ ಬಣ್ಣದ್ದೇ ಟೀ ಶರ್ಟಿನಲ್ಲಿ.

“ಕ್ರೀಮ್ ಕಲರ್ ಹಾಕ್ಕೊಂಡು ಬಾ ಅಂದಿದ್ನಲ್ಲೋ. ಮರದಲ್ಲಿ ಕಳೆದೇ ಹೋಗ್ತೀಯ.”

“ನಾನು ಕಾಣದಿದ್ರೆ ಫೋಟೋ ಚೆನ್ನಾಗೇ ಬರುತ್ತೆ ಬಿಡಕ್ಕ.”

“ನಾನು ಹೇಳ್ದೆ ಅತ್ತಿಗೆ, ಇವರು ಕೇಳಬೇಕಲ್ಲ” ಎಂದಳು ಅವನ ಹೆಂಡತಿ.

ಮಗಳು ಅಷ್ಟರಲ್ಲಿ ಪಕ್ಕದ ಬಿಳಿ ಹೂಗಳ ರಾಶಿಯಲ್ಲಿ ಕೂರಲು ಹೊರಟಿದ್ದಳು. “ಏಳೇ, ಅದು ಪಾರ್ಥೇನಿಯಂ! ವಾರವೆಲ್ಲ ಕೆರೆದುಕೊಳ್ತಾ ಕೂರ್ತೀಯ” ಎಂದು ಅಮ್ಮ ಎಬ್ಬಿಸಿದಳು. ನಮ್ಮನೆಯವರ ಕೈಗೆ ಹುಡುಗ ಬೆಳಕು ಬೀಳಿಸುವ ಬೆಳ್ಳಿ ಹಾಳೆ ಕೊಟ್ಟ. ಅವರು ಅದನ್ನು ತಮ್ಮ ತಲೆಯ ಮೇಲೆ ನೆರಳಿಗೆ ಹಿಡಿದುಕೊಂಡರು.

“ಎಲ್ರೂ ನ್ಯಾಚುರಲ್ಲಾಗಿ ನಗಿ” ಎಂದ ಹುಡುಗ.

“ಈ ಬಿಸಿಲಲ್ಲಿ ನಗೋದು ಯಾವ ನ್ಯಾಚುರಲ್ಲಪ್ಪ?” ಎಂದಳು ಅಮ್ಮ.

ಹೇಗೋ ಗ್ರೂಪ್ ಮುಗಿಯಿತು. ಅಮ್ಮನ ಮಂಡಿನೋವಿನ ನೆಪದಲ್ಲಿ ಕಾರಿನಲ್ಲಿ ತಂದಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಮರದ ಕೆಳಗೆ ಹಾಕಿ, “ಸ್ವಲ್ಪ ಸುಧಾರಿಸ್ಕೊಳಮ್ಮ” ಎಂದೆ. ಕೂತಳು. ಹಸಿರು ಸೀರೆ, ಹಿಂದೆ ಕೆಂಪು ಹೂ. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಆ ಪುಣ್ಯಾತ್ಮ ದೊಡ್ಡ ದನಿಯಲ್ಲಿ ಕೂಗಿದ: “ಎಲ್ರೂ ಪಕ್ಕಕ್ಕೆ ಬನ್ನಿ, ಅಜ್ಜಿದು ಸಿಂಗಲ್! ಮೇಡಂ, ನೀವು ಹೇಳ್ದಂಗೆ ಫ್ರೇಮಿಗೆ ಜಾಗ ಬಿಟ್ಟೇ ತೆಗೀತಿದೀನಿ.”

ಅಮ್ಮ ಸೆರಗು ಸರಿಮಾಡಿಕೊಂಡು ಅವನನ್ನೇ ನೋಡಿದಳು.

“ಹಾರಕ್ಕೂ ಸೇರಿಸಿ ಜಾಗ ಬಿಡಪ್ಪ. ದಪ್ಪ ಹಾರ ತರ್ತಾಳೆ ಇವಳು.”

“ಏನಕ್ಕ ಇದು, ಮಾರಾಯ್ತಿ!” ತಮ್ಮನ ಮುಖ ಟೀ ಶರ್ಟಿನ ಬಣ್ಣಕ್ಕೆ ತಿರುಗಿತು. “ಅಮ್ಮ, ನೀನು ಏಳು. ಮನೆಗೆ ಹೋಗಣ.”

“ನೀನು ಏಳು ಅಂದ ತಕ್ಷಣ ಏಳಕ್ಕೆ ನನ್ನ ಮಂಡಿ ಕೇಳಬೇಕಲ್ಲೋ” ಎಂದವಳು ನನ್ನ ಕಡೆ ತಿರುಗಿದಳು. “ನಂಗೆ ಮೊದ್ಲೇ ಗೊತ್ತಿತ್ತು ಕಣೆ. ಕೇಳದೆ ನೀನು ಯಾರಿಗಾದ್ರೂ ಬ್ಲೌಸ್ ಹೊಲಿಸಿ ಕೊಟ್ಟಿದ್ದುಂಟಾ?”

“ಗೊತ್ತಿದ್ರೂ ಯಾಕೆ ಬಂದೆ ಮತ್ತೆ?”

“ಬ್ಲೌಸು ಚೆನ್ನಾಗಿತ್ತು.” ಅದರ ತೋಳನ್ನೊಮ್ಮೆ ಸವರಿಕೊಂಡು ಹೇಳಿದಳು, “ಆ ಮನೆಗೆ ಒಂದು ಕೋಟು ಸಾಕು. ತೆಗೆಸ್ತೀನಿ. ಆದ್ರೆ ನಾನೊಬ್ಬಳೇ ಅಲ್ಲ. ಎಲ್ರೂ ಒಬ್ಬೊಬ್ರೇ ಈ ಕುರ್ಚಿ ಮೇಲೆ ಕೂರಬೇಕು. ಮೊದಲು ನೀನು.”

“ನೀನು ಹೇಗೂ ಕೂತಿದೀಯಲ್ಲಮ್ಮ, ನಿಂದು ಮುಗೀಲಿ. ಆಮೇಲೆ ನಾವು...”

“ಆಮೇಲೆ ಅಂದ್ರೆ ಕೂತ ಹಾಗೇ. ಬಾಕಿ ಇಟ್ಟು ವ್ಯಾಪಾರ ಮಾಡಬೇಡಿ ಅಂತ ಊರಿಗೆಲ್ಲ ಹೇಳೋಳು ನೀನೇ.”

ನನ್ನ ಅಂಗಡಿಯ ಮಾತನ್ನು ನನಗೇ ಮಾರಿದಳು. ಸೊಸೆಯ ಕೈ ಹಿಡಿದು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಕೂತೆ. ಪ್ಲಾಸ್ಟಿಕ್ ಬಿಸಿಯಾಗಿತ್ತು. ಎದುರಿಗೆ ಎಲ್ಲರೂ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದರು. ನಮ್ಮನೆಯವರು ತಲೆಯ ಮೇಲಿನ ಹಾಳೆಯನ್ನು ಮೆಲ್ಲನೆ ಕೆಳಗಿಳಿಸಿದರು. ಅಜ್ಜಿಯ ಮಾತಿಗೆ ಅಷ್ಟು ಹೊತ್ತು ಕಿಸಿಕಿಸಿ ನಗುತ್ತಿದ್ದ ಮಗಳು ನಗು ನಿಲ್ಲಿಸಿ ಒಂದು ಹೆಜ್ಜೆ ಮುಂದೆ ಬಂದಳು. ಹುಡುಗ “ಸ್ವಲ್ಪ ಗಲ್ಲ ಎತ್ತಿ ಮೇಡಂ” ಎಂದಾಗ ಅವಳು ತಡೆಯಲಾರದೆ, “ಸಾಕು ಅಮ್ಮ, ಎದ್ದು ಬಾ. ಎದ್ದು ಬಾ ಅಂದೆನಲ್ಲ” ಎಂದು ಬಂದು ನನ್ನ ತೋಳು ಹಿಡಿದೆಳೆದಳು. ಅಷ್ಟರಲ್ಲಿ ಅವನು ಕ್ಲಿಕ್ಕಿಸಿಯಾಗಿತ್ತು. ನನಗೆ ಸಲಹೆ ಕೊಡುವಂಥದ್ದೇನೂ ಹೊಳೆಯಲಿಲ್ಲ.

ತಮ್ಮನನ್ನು ಕೂರಿಸಲು ಅವನ ಹೆಂಡತಿ ಹೆಗಲು ಅದುಮಿ ಹಿಡಿಯಬೇಕಾಯಿತು. ಅವನ ಫೋಟೋದಲ್ಲಿ ಎರಡು ಕೈ ಹೆಚ್ಚಿಗೆ ಇವೆ. ಒಬ್ಬೊಬ್ಬರದೂ ಮುಗಿದ ಮೇಲೆ ಅಮ್ಮ ತಾನಾಗಿಯೇ ಹೋಗಿ ಕೂತು, “ಬ್ಲೌಸಿನ ತೋಳು ಕಾಣುತ್ತೇನಪ್ಪ?” ಎಂದು ಕೇಳಿದಳು. ಮಗನ ಮುಖ ನೋಡಿ ಬಂದ ನಗು ಇನ್ನೂ ಬಾಯಲ್ಲೇ ಇತ್ತು. ಹುಡುಗ ಅಷ್ಟನ್ನಾದರೂ ಸರಿಯಾಗಿ ಹಿಡಿದ.

ಗ್ರೂಪ್ ಫೋಟೋವನ್ನು ಈಗ ಯಾರೂ ನೋಡುವುದಿಲ್ಲ. ತಮ್ಮ ನಾನು ಹೇಳಿದಂತೆಯೇ ಮರದಲ್ಲಿ ಕಳೆದುಹೋಗಿದ್ದಾನೆ. ನನ್ನದರಲ್ಲಿ ಮಗಳು ಎಳೆದು ಸೆರಗಿನ ನೆರಿಗೆ ಕೆಟ್ಟಿದೆ. ಇನ್ನೊಂದು ತೆಗೆಯೇ, ನನ್ನೊಬ್ಬಳದೇ, ಎಂದರೆ ಮೊಬೈಲು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾಳೆ.

ಆ ಒಂಟಿ ಫೋಟೋಗಳಿಗೆಲ್ಲ ಅಮ್ಮ ನನ್ನ ಕೈಯಲ್ಲೇ ಫ್ರೇಮು ಹಾಕಿಸಿ, ಜನ್ನಾಪುರದ ಹಾಲಿನಲ್ಲಿ ಅಪ್ಪನ ಪಕ್ಕ ಸಾಲಾಗಿ ನೇತುಹಾಕಿಸಿದ್ದಾಳೆ. ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೊಸಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆಯೆತ್ತಿದವರೇ, ಇಷ್ಟೊಂದು ಜನವೇ ಎಂದು ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಾರೆ. ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಾಳೆ.

“ಕೋಟಿನವರು ಒಬ್ರೇ ಹೋಗಿರೋದು. ಉಳಿದವರೆಲ್ಲ ಇದೀವಿ. ಕೂತ್ಕೊಳಿ, ಕಾಫಿ ತರ್ತೀನಿ.”