ಫೀಸು ಹೇಳಲು ಹೋಗಿ ಊಟಕ್ಕೆ ಕರೆದ ಮುನಿರತ್ನಮ್ಮ

ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಬೆಳಗಿನ ಐದೂಮುಕ್ಕಾಲಿಗೆ ಮಗುವೊಂದು ಕಿರುಚಿಕೊಂಡರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಮಗ್ಗುಲು ಬದಲಾಯಿಸುತ್ತಿದ್ದರು, ಅಷ್ಟೆ. ಫಸ್ಟ್ ಶಿಫ್ಟಿನ ತಾಯಂದಿರು ನಮ್ಮ ಎದುರು ಮನೆಯ ಮುನಿರತ್ನಮ್ಮನವರ ಹತ್ತಿರ ಮಕ್ಕಳನ್ನು ಬಿಟ್ಟು ಫ್ಯಾಕ್ಟರಿ ಬಸ್ಸಿಗೆ ಓಡುವ ಹೊತ್ತು ಅದು. ಎಂಟು ವರ್ಷದಿಂದ ಆಕೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರೂ ಬಾಗಿಲಿಗೆ ಒಂದು ಬೋರ್ಡು ಇರಲಿಲ್ಲ. ಒಂದು ನಡುಮನೆ, ಒಂದು ಅಡುಗೆಮನೆ, ಸುತ್ತ ಆಳೆತ್ತರದ ಕಾಂಪೌಂಡು, ಒಳಗೆ ಒಂಬತ್ತು ಮಕ್ಕಳು. ಗಂಡ ರಾಮಕೃಷ್ಣಪ್ಪ ಲಾರಿ ಡ್ರೈವರು. ತಿಂಗಳಿಗೆ ಆರು ದಿನ ಮನೆಯಲ್ಲಿರುತ್ತಿದ್ದರು, ಅದರಲ್ಲಿ ನಾಲ್ಕು ದಿನ ನಿದ್ದೆ. ಸ್ವಂತ ಮಕ್ಕಳಿರಲಿಲ್ಲ. ಅದನ್ನು ಯಾರಾದರೂ ನೆನಪಿಸಿದರೆ, ಈಗಾಗಲೇ ಒಂಬತ್ತು ಮೂಗು ಒರೆಸುತ್ತಿದ್ದೇನೆ, ಹತ್ತನೆಯದಕ್ಕೆ ಸೆರಗಿನಲ್ಲಿ ಜಾಗವಿಲ್ಲ ಎನ್ನುತ್ತಿದ್ದರು.

ಅಲ್ಲಿ ಬೆಳೆದ ಮಕ್ಕಳು ಮೂರು ವರ್ಷ ತುಂಬುವಷ್ಟರಲ್ಲಿ ಅನ್ನವನ್ನು ತೆಲುಗಿನಲ್ಲಿ, ನೀರನ್ನು ತಮಿಳಿನಲ್ಲಿ ಕೇಳಿ, ಜಗಳವನ್ನು ಮಾತ್ರ ಕನ್ನಡದಲ್ಲಿ ಆಡುತ್ತಿದ್ದವು. ಆಕೆಯದೊಂದು ಪದ್ಧತಿಯಿತ್ತು. ಯಾವ ಮಗು ಮೊದಲ ಹೆಜ್ಜೆ ಇಟ್ಟರೂ ಅದರ ತಾಯಿಗೆ ಹೇಳುತ್ತಿರಲಿಲ್ಲ. ನಾಳೆಯೋ ನಾಡಿದ್ದೋ ಮನೆಯಲ್ಲೂ ಇಡುತ್ತದೆ, ಅದೇ ಮೊದಲನೆಯದು ಅಂದುಕೊಳ್ಳಲಿ, ದಿನವೆಲ್ಲ ಮಿಷಿನ್ ಮುಂದೆ ನಿಂತವಳಿಗೆ ಅಷ್ಟಾದರೂ ಬೇಡವಾ ಎಂಬುದು ಆಕೆಯ ವಾದ. ಮಾಲಿನಿ ಎಂಬ ಹುಡುಗಿ, ತನ್ನ ಮಗಳು ಮೇಘಶ್ರೀ ನಡೆದಳೆಂದು ಕೊಬ್ಬರಿ ಮಿಠಾಯಿ ತಂದ ದಿನಕ್ಕೆ, ಆ ಮಗು ಅಡುಗೆಮನೆಯ ಹೊಸಿಲು ದಾಟಲು ಕಲಿತು ನಾಲ್ಕು ದಿನವಾಗಿತ್ತು. ಮುನಿರತ್ನಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಆಶ್ಚರ್ಯಪಟ್ಟರು.

ಇಂಥವರಿಗೆ 2007ರಲ್ಲಿ ಕಷ್ಟ ಬಂತು. ಮನೆ ಓನರ್ ಚಿನ್ನಪ್ಪ ಬಂದು, ಹೊಸೂರಿನ ತುಂಬ ಬಾಡಿಗೆ ಏರಿರುವಾಗ ತಾನೊಬ್ಬನೇ ಧರ್ಮಾತ್ಮನಾಗಿ ಉಳಿಯುವುದು ಕಷ್ಟವೆಂದೂ, ಮುಂದಿನ ತಿಂಗಳಿಂದ ಸಾವಿರ ರೂಪಾಯಿ ಜಾಸ್ತಿಯೆಂದೂ, ಆಗದಿದ್ದರೆ ಖಾಲಿ ಮಾಡಬಹುದೆಂದೂ ಹೇಳಿಹೋದರು. ಒಂಬತ್ತು ಮಕ್ಕಳ ಗದ್ದಲಕ್ಕೆ ಬೇರೆ ಯಾರೂ ಮನೆ ಕೊಡುವಂತಿರಲಿಲ್ಲ. ಮನೆ ಹೋದರೆ ಆಕೆ ಗುಮ್ಮಳಾಪುರದ ತಮ್ಮನ ಮನೆ ಸೇರಬೇಕು, ಮಕ್ಕಳು ಚೆಲ್ಲಾಪಿಲ್ಲಿಯಾಗಬೇಕು. ಆಗ ಮಗುವೊಂದಕ್ಕೆ ತಿಂಗಳಿಗೆ ಮುನ್ನೂರೈವತ್ತು ತೆಗೆದುಕೊಳ್ಳುತ್ತಿದ್ದರು. ಐನೂರು ಮಾಡಿದರೆ ಬಾಡಿಗೆಯೂ ಗ್ಯಾಸೂ ಹಾಲೂ ಹೇಗೋ ನಡೆಯುತ್ತಿತ್ತು. ಆದರೆ ಮಗುವನ್ನು ಸೇರಿಸಿಕೊಂಡ ದಿನ ಹೇಳಿದ ಫೀಸನ್ನು ಮಗು ಸ್ಕೂಲಿಗೆ ಹೋಗುವವರೆಗೂ ಬದಲಾಯಿಸಿದ ಅಭ್ಯಾಸ ಆಕೆಗಿರಲಿಲ್ಲ.

ನಾನು ಫ್ಯಾಕ್ಟರಿಯೊಂದರ ಟೈಮ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಸರ್ಕ್ಯುಲರ್ ಬರೆದವನು. ನನ್ನ ಯಾವ ಸರ್ಕ್ಯುಲರಿನಿಂದಲೂ ಕ್ಯಾಂಟೀನಿನ ಇಡ್ಲಿ ಕೂಡ ಮೆತ್ತಗಾಗಿರಲಿಲ್ಲ ಎಂಬುದು ಬೇರೆ ಮಾತು. ಇಂಥ ಕೆಲಸಕ್ಕೆ ನನ್ನನ್ನು ಬಿಟ್ಟರೆ ಇನ್ನು ಯಾರು ಎಂದುಕೊಂಡು ಒಂದು ನೋಟೀಸು ತಯಾರಿಸಿದೆ. 'ಪೋಷಕರ ಅವಗಾಹನೆಗೆ' ಎಂದು ಶುರುವಾಗಿ, 'ಅನಿವಾರ್ಯ ಕಾರಣಗಳಿಂದ ವಿಷಾದಪೂರ್ವಕವಾಗಿ' ಎಂದು ಮುಂದುವರಿಯುತ್ತಿದ್ದ ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಮುನಿರತ್ನಮ್ಮ ಕೊನೆಯತನಕ ತಲೆಬಾಗಿ ಕೇಳಿದರು.

"ಯಾರಣ್ಣ ಸತ್ತೋಗಿರೋದು?" ಎಂದರು.

ಆಮೇಲೆ ಹೇಳಿದರು, "ನನ್ನ ಮಡ್ಲಾಗೆ ಉಚ್ಚೆ ಉಯ್ದಿರೋ ಮಕ್ಕಳಣ್ಣ. ಅವ್ರ ತಾಯ್ದೀರ್ಗೆ ಗೋಡೆ ಮ್ಯಾಲೆ ಕಾಗ್ದ ಅಂಟ್ಸಿ ಯೇಳಕ್ಕಾಯ್ತದಾ? ನಾನೇ ಮನೆಮನೆಗೆ ಹೋಗಿ ಯೇಳ್ತೀನಿ."

ಶುಕ್ರವಾರ ಸಂಜೆ ಹೊರಟರು. ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗಿ ದುಡ್ಡಿನ ಮಾತೆತ್ತುವುದು ಆಕೆಗೆ ಸರಿಕಾಣಲಿಲ್ಲ. ಹಾಗಾಗಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಮೊಳ ಹೂವು ಇಟ್ಟುಕೊಂಡು, ಒಳ್ಳೆಯ ಸೀರೆಯುಟ್ಟು ಮೊದಲು ಮಾಲಿನಿಯ ಮನೆಗೆ ಹೋದರು. ನಮ್ಮ ಕಡೆ ಹೆಂಗಸೊಬ್ಬಳು ಆ ವೇಷದಲ್ಲಿ ಬಾಗಿಲಿಗೆ ಬಂದರೆ ಅರ್ಥ ಒಂದೇ. ಮಾಲಿನಿ ಚಾಪೆ ಹಾಕಿ, ಕಾಫಿ ಕೊಟ್ಟು, ಕುಂಕುಮ ಇಟ್ಟುಕೊಂಡು ಕೇಳಿದಳು, "ಏನು ವಿಶೇಷ ಮುನಿರತ್ನಮ್ಮ? ಯಾವತ್ತು ಬರಬೇಕು?"

ಆ ಹೊತ್ತಿಗೆ ಮೇಘಶ್ರೀ ಬೇರೆ ಓಡಿಬಂದು ಆಕೆಯ ತೊಡೆಯೇರಿ ಕೂತಿದ್ದಳು. ನೂರೈವತ್ತು ಜಾಸ್ತಿ ಎನ್ನಲು ತೆರೆದ ಬಾಯಿ, "ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದ್ಬುಡ್ರವ್ವ" ಎಂದುಬಿಟ್ಟಿತು. ಒಂದು ಮನೆಗೆ ಹೇಳಿದ ಮೇಲೆ ಉಳಿದ ಎಂಟು ಮನೆ ಬಿಡುವುದು ಹೇಗೆ? ಎಲ್ಲರನ್ನೂ ಕರೆದು ಬಂದು, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಫೀಸು ಏರಿಸಲು ಹೋಗಿ ಮೂವತ್ತು ಎಲೆಯ ಖರ್ಚು ಮೈಮೇಲೆ ಹಾಕಿಕೊಂಡೆ ಎಂದು ಹಣೆ ಚಚ್ಚಿಕೊಂಡರು. ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಲು ನನ್ನನ್ನೇ ಹತ್ತಿಸಿದಳು.

ಅತ್ತ ತಾಯಂದಿರಲ್ಲಿ ಬೇರೆಯೇ ಯೋಚನೆ ನಡೆದಿತ್ತು. ಎಂಟು ವರ್ಷದಲ್ಲಿ ಒಂದು ನಾಮಕರಣವನ್ನೂ ಮಾಡದ ಮನೆಯಲ್ಲಿ ಇದ್ದಕ್ಕಿದ್ದಂತೆ ಊಟವೇಕೆ? ಚಿನ್ನಪ್ಪ ಬಂದುಹೋದದ್ದನ್ನು ಯಾರೋ ನೋಡಿದ್ದರು. ಮುನಿರತ್ನಮ್ಮ ಮನೆ ಬಿಟ್ಟು ಊರಿಗೆ ಹೋಗುತ್ತಿದ್ದಾರೆ, ಹೋಗುವ ಮುಂಚೆ ಮಕ್ಕಳಿಗೆ ಎಲೆ ಹಾಕಿ ಬಡಿಸುತ್ತಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು. ಆಕೆಯನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಭಾನುವಾರ ಕಾಂಪೌಂಡಿನಲ್ಲಿ ಅನ್ನ, ಹುಳಿ, ಶಾವಿಗೆ ಪಾಯಸ. ಬಂದವರ ಮುಖಗಳು ಮಾತ್ರ ಹನ್ನೊಂದನೇ ದಿನದ ಊಟಕ್ಕೆ ಬಂದಂತಿದ್ದವು. ಒಬ್ಬಳು ಸೀರೆ ತಂದಿದ್ದಳು, ಇನ್ನೊಬ್ಬಳು ಸ್ಟೀಲಿನ ಡಬ್ಬ. ಮಕ್ಕಳ ತಂದೆಯರಲ್ಲೊಬ್ಬರಾದ ಸೀನಿಯರ್ ಸೂಪರ್‌ವೈಸರ್ ರಾಮಮೂರ್ತಿ, ಮನೆಯಲ್ಲೂ ಐಡಿ ಕಾರ್ಡು ಬಿಚ್ಚದ ಮನುಷ್ಯ, ಎಲೆ ಹಾಕುತ್ತಿದ್ದಂತೆ ಎದ್ದು ನಿಂತು ಭಾಷಣ ಶುರುಮಾಡಿದರು. ಮುನಿರತ್ನಮ್ಮನವರ ಸುದೀರ್ಘ ಸೇವೆ, ಕಾರ್ಯದಕ್ಷತೆ, ಅವರ ಸ್ಥಾನವನ್ನು ತುಂಬಲಾಗದು ಎಂಬಲ್ಲಿಗೆ ಬಂದು, ಅವರ ವಿಶ್ರಾಂತ ಜೀವನ ಸುಖಕರವಾಗಿರಲೆಂದು ಹಾರೈಸಿದರು. ನನಗೆ ಹೊಟ್ಟೆಕಿಚ್ಚಾಯಿತು, ನನ್ನ ನೋಟೀಸಿಗಿಂತ ಅದು ಚೆನ್ನಾಗಿತ್ತು.

ಮುನಿರತ್ನಮ್ಮ ಹುಳಿಯ ಸೌಟು ಹಿಡಿದು ನಿಂತಲ್ಲೇ ಕೇಳಿದರು, "ಯಾರು ಸಾರ್ ಹೋಗ್ತಿರೋದು?"

"ನೀವಲ್ವಾ?" ಎಂದಳು ಮಾಲಿನಿ. ಅಷ್ಟಕ್ಕೇ ಅವಳ ಕಣ್ಣು ತುಂಬಿತ್ತು.

ಮುನಿರತ್ನಮ್ಮ ಯಾರ ಮುಖವನ್ನೂ ನೋಡದೆ ಪಾತ್ರೆಯೊಳಗಿನ ಹುಳಿಗೆ ಹೇಳಿದಂತೆ ಹೇಳಿದರು, "ನಾನ್ಯಾಕೆ ಹೋಗ್ಲಿ? ತಿಂಗ್ಳಿಗೆ ಐನೂರು ಕೊಟ್ರೆ ಎಲ್ಲೂ ಹೋಗಕಿಲ್ಲ."

ಅಷ್ಟೂ ಹೆಂಗಸರು ಒಟ್ಟಿಗೆ ಮಾತಾಡತೊಡಗಿದರು. ಮಾಲಿನಿ ನಗುತ್ತ ಅಳುತ್ತ, ಇಷ್ಟಕ್ಕೆ ಎರಡು ದಿನದಿಂದ ನಮಗೆ ಗಂಟಲಲ್ಲಿ ಅನ್ನ ಇಳಿಯದ ಹಾಗೆ ಮಾಡಿದಿರಲ್ಲ ಎಂದು ಜಗಳಕ್ಕೇ ನಿಂತಳು. ರಾಮಮೂರ್ತಿ ಮಾತ್ರ, ಶೇಕಡಾವಾರು ಲೆಕ್ಕದಲ್ಲಿ ನೋಡಿದರೆ ಈ ಏರಿಕೆ ತುಸು ಹೆಚ್ಚೇ ಎಂದು ಇನ್ನೊಂದು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಅವರ ಹೆಂಡತಿ ಅವರ ಶರ್ಟಿನ ಚುಂಗು ಹಿಡಿದು ಎಳೆದು ಕೂರಿಸಿದಳು.

ಸಾಲಿನ ಕೊನೆಯಲ್ಲಿ ನಾಗವೇಣಿ ಕೂತಿದ್ದಳು. ರೋಜಾ ತೋಟದಲ್ಲಿ ಹೂವು ಕೊಯ್ದು ಕಟ್ಟು ಕಟ್ಟುವ ಕೆಲಸ. ಗಂಡ ಕೆಲಸ ಹುಡುಕಿಕೊಂಡು ಹೋದವನು ಎರಡು ವರ್ಷವಾದರೂ ಹುಡುಕುತ್ತಲೇ ಇದ್ದ. ಮುನಿರತ್ನಮ್ಮ ಬಡಿಸುತ್ತ ಅವಳ ಎಲೆಯ ಮುಂದೆ ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ಅಂದರು, "ನಿಂಗಲ್ಲ ಕಣವ್ವ. ನೀನು ಮೊದ್ಲು ಕೊಟ್ಟಂಗೇ ಕೊಡು."

ನಾಗವೇಣಿಯ ಕೈ ಎಲೆಯಲ್ಲೇ ನಿಂತಿತು.

"ಯಾಕಕ್ಕ? ನಮ್ಮ ಪ್ರಮೋದ ಅರ್ಧ ಹೊಟ್ಟೆ ಉಣ್ತಾನಾ?"

"ಅಂಗಲ್ಲವ್ವ..."

"ನಾಳೆ ಅವ್ನು ಇನ್ನೊಂದು ಚೂರು ಅನ್ನ ಕೇಳಿದ್ರೆ ನಂಗೆ ಎದೆ ಹೊಡ್ಕಬೇಕು. ಎಲ್ಲಾರ್ದೂ ಎಷ್ಟೋ ನಂದೂ ಅಷ್ಟೇ."

ಮುನಿರತ್ನಮ್ಮ ಅವಳ ಎಲೆಗೆ ಒಂದು ಸೌಟು ಹುಳಿ ಹೆಚ್ಚಿಗೆ ಹಾಕಿ ಮುಂದಕ್ಕೆ ಹೋದರು.

ಒಂದನೇ ತಾರೀಕಿನ ಸಂಜೆ ನಾನು ಚಿಲ್ಲರೆ ಕೇಳಲೆಂದು ಎದುರು ಮನೆಗೆ ಹೋದಾಗ ಚಿನ್ನಪ್ಪ ಹೊಸ ಬಾಡಿಗೆ ಎಣಿಸಿಕೊಂಡು ಹೊರಗೆ ಬರುತ್ತಿದ್ದರು. ಹಿಂದೆಯೇ ನಾಗವೇಣಿ ಬಂದಳು. ಬೆರಳುಗಳ ತುಂಬ ಮುಳ್ಳಿನ ಗೀರು. ರವಿಕೆಯೊಳಗಿಂದ ಪರ್ಸು ತೆಗೆದು ನೂರರ ಐದು ನೋಟು ಕೊಟ್ಟಳು. ಮುನಿರತ್ನಮ್ಮ ತೆಗೆದುಕೊಂಡರು. ಮೇಲಿನ ನೋಟನ್ನು ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕೊಟ್ಟವಳ ಕಡೆಗೆ ತಳ್ಳಿತು. ನಾಗವೇಣಿ ಆ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಮುನಿರತ್ನಮ್ಮ ನೋಟನ್ನು ಮತ್ತೆ ಉಳಿದವುಗಳ ಜೊತೆ ಸೇರಿಸಿ, ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಿನ್ನ ಮಗ ಇವತ್ತು ಮೂರು ಸಲ ಅನ್ನ ಆಕಿಸ್ಕೊಂಡ ಕಣೆ," ಎಂದರು.

"ಆಕಿಸ್ಕಳ್ಲಿ ಬುಡಕ್ಕ," ಎಂದು ನಾಗವೇಣಿ ಪ್ರಮೋದನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ನೆಟ್ಟಗೆ ನಡೆದು ಹೋದಳು.